ಬೀಟೆಮರದ ಫಲಕ, ರೇಷ್ಮೆ ಸೀರೆ ಮತ್ತು 480 ಡಾಲರ್‌ನ ಗೆರೆ: ವಿದೇಶಿ ಉಡುಗೊರೆಗೆ ಬೆಲೆ ಕಟ್ಟಿದ ಒಂದು ಪ್ರಕರಣ

ಬೇರೊಂದು ದೇಶದ ಸರ್ಕಾರ ವಿಶ್ವಾಸದಿಂದ ಕೊಟ್ಟ ವಸ್ತುವಿಗೆ ಬೆಲೆ ಕಟ್ಟುವುದು ಸಣ್ಣತನವೆಂದು ಕೆಲವರಿಗೆ ಅನ್ನಿಸಬಹುದು. ಆದರೆ ಆ ಬೆಲೆ ನಿರ್ಧಾರವಾಗದೆ ವಸ್ತು ಯಾರಿಗೆ ಸೇರಿದ್ದೆಂಬುದೇ ನಿರ್ಧಾರವಾಗುವುದಿಲ್ಲ. ಅಮೆರಿಕದ ಒಕ್ಕೂಟ ಸರ್ಕಾರದ ತಾಂತ್ರಿಕ ಇಲಾಖೆಯೊಂದರ ಹಿರಿಯ ಅಧಿಕಾರಿ ಪತ್ನಿಯೊಡನೆ ಕರ್ನಾಟಕಕ್ಕೆ ಅಧಿಕೃತ ಭೇಟಿಗೆ ಬಂದಿದ್ದಾಗ ಅವರಿಬ್ಬರಿಗೆ ಸಂದ ಉಡುಗೊರೆಗಳ ಮೌಲ್ಯಮಾಪನ ಹೇಗೆ ನಡೆಯಿತು, ಎಲ್ಲಿ ಹಳಿ ತಪ್ಪಿತು, ಯಾವ ನಿರ್ಧಾರಗಳಿಂದ ಸರಿಹೋಯಿತು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಇಲಾಖೆಯ ಆಸ್ತಿ ವಿಭಾಗಕ್ಕೆ ಸಲಹೆ ನೀಡುತ್ತಿದ್ದ ತಂಡದಲ್ಲಿ ನಾನೂ ಇದ್ದೆ. ವ್ಯಕ್ತಿಗಳ ಹೆಸರು, ಇಲಾಖೆ, ಭೇಟಿಯ ಕಾಲ, ಉಡುಗೊರೆ ಕೊಟ್ಟ ಸಂಸ್ಥೆ ಇವುಗಳನ್ನು ಕೈಬಿಟ್ಟಿದ್ದೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ, ಮೊತ್ತಗಳನ್ನು ದುಂಡು ಅಂಕಿಗೆ ತಂದಿದ್ದೇನೆ.

ಕಾನೂನು ಎಳೆದ ಗೆರೆ

ಅಮೆರಿಕದ ಸಂವಿಧಾನದ ಒಂದನೆಯ ವಿಧಿಯ 9ನೆಯ ಸೆಕ್ಷನ್‌ನ ಪ್ರಕಾರ, ಸರ್ಕಾರಿ ಹುದ್ದೆಯಲ್ಲಿರುವ ಯಾರೂ ಕಾಂಗ್ರೆಸ್‌ನ, ಅಂದರೆ ಅಲ್ಲಿನ ಸಂಸತ್ತಿನ, ಒಪ್ಪಿಗೆಯಿಲ್ಲದೆ ವಿದೇಶಿ ದೊರೆಯಿಂದಾಗಲಿ ರಾಷ್ಟ್ರದಿಂದಾಗಲಿ ಉಡುಗೊರೆ ಪಡೆಯುವಂತಿಲ್ಲ. ಫ್ರಾನ್ಸಿನ ದೊರೆ 16ನೆಯ ಲೂಯಿ ಕೊಟ್ಟ ವಜ್ರಖಚಿತ ಭಾವಚಿತ್ರವನ್ನು ಅಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಬೆಂಜಮಿನ್ ಫ್ರಾಂಕ್ಲಿನ್ ಇಟ್ಟುಕೊಳ್ಳಲು ಅಂದಿನ ಕಾಂಗ್ರೆಸ್ಸಿನ ಅನುಮತಿ ಬೇಕಾಯಿತು. ಪ್ರತಿಯೊಂದು ಶಾಲಿಗೂ ಹಾರಕ್ಕೂ ಶಾಸನಸಭೆಯ ಮುಂದೆ ಹೋಗುವುದು ಸಾಧ್ಯವಿಲ್ಲದ ಕಾರಣ, ಈ ಒಪ್ಪಿಗೆಯನ್ನು ಸಾಮಾನ್ಯ ರೂಪದಲ್ಲಿ ಕೊಡುವ ವಿದೇಶಿ ಉಡುಗೊರೆ ಮತ್ತು ಪದಕಗಳ ಕಾಯಿದೆ 1966ರಲ್ಲಿ ಬಂದಿತು. ಆಗ 50 ಡಾಲರ್‌ವರೆಗಿನ ವಸ್ತುವನ್ನು ಅಧಿಕಾರಿ ತಾನೇ ಇಟ್ಟುಕೊಳ್ಳಬಹುದಿತ್ತು. 1977ರ ತಿದ್ದುಪಡಿ ಈ ಮಿತಿಯನ್ನು 100 ಡಾಲರ್‌ಗೆ ಏರಿಸಿತಲ್ಲದೆ, 1981ರಿಂದ ಮೂರು ವರ್ಷಕ್ಕೊಮ್ಮೆ ಗ್ರಾಹಕ ಬೆಲೆ ಸೂಚ್ಯಂಕಕ್ಕೆ ಅನುಗುಣವಾಗಿ ಅದನ್ನು ಪರಿಷ್ಕರಿಸುವ ಹೊಣೆಯನ್ನು, ಸರ್ಕಾರದ ಕಟ್ಟಡ ಮತ್ತು ಆಸ್ತಿಗಳನ್ನು ನೋಡಿಕೊಳ್ಳುವ ಸಾಮಾನ್ಯ ಸೇವೆಗಳ ಆಡಳಿತ ಸಂಸ್ಥೆಗೆ ಒಪ್ಪಿಸಿತು. ಮಿತಿ 2017ರಲ್ಲಿ 390, 2020ರಲ್ಲಿ 415, 2023ರ ಜನವರಿಯಿಂದ 480 ಡಾಲರ್ ಆಯಿತು. ನಮ್ಮ ಪ್ರಕರಣ ನಡೆದದ್ದು 480 ಡಾಲರ್ ಜಾರಿಯಲ್ಲಿದ್ದ ಅವಧಿಯಲ್ಲಿ.

ಮಿತಿಯನ್ನು ಮೀರಿದ ವಸ್ತುವನ್ನು ಬೇಡವೆನ್ನುವುದು ಕೊಟ್ಟವರಿಗೆ ನೋವನ್ನೋ ಮುಜುಗರವನ್ನೋ ಉಂಟುಮಾಡುವಂತಿದ್ದರೆ ಅಧಿಕಾರಿ ಅದನ್ನು ಸ್ವೀಕರಿಸಬಹುದು. ಆದರೆ ಸ್ವೀಕರಿಸಿದ ಕ್ಷಣದಿಂದಲೇ ಅದು ಅಮೆರಿಕ ಸರ್ಕಾರದ ಆಸ್ತಿ, ಮತ್ತು 60 ದಿನಗಳೊಳಗೆ ಅದನ್ನು ಇಲಾಖೆಗೆ ಒಪ್ಪಿಸಬೇಕು. ಈ ಕಾಯಿದೆಯ ಎರಡು ಅಂಶಗಳನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಕಾಯಿದೆ ಕೇಳುವುದು ವಸ್ತು ತಯಾರಾದ ಊರಿನ ಬೆಲೆಯನ್ನಲ್ಲ, ಸ್ವೀಕರಿಸಿದ ಸಮಯದಲ್ಲಿ ಅಮೆರಿಕದಲ್ಲಿ ಅದಕ್ಕಿದ್ದ ಚಿಲ್ಲರೆ ಮಾರಾಟದ ಬೆಲೆಯನ್ನು. ಎರಡನೆಯದಾಗಿ, ವಿದೇಶಿ ಸರ್ಕಾರ ಎಂದರೆ ಅಲ್ಲಿನ ಕೇಂದ್ರ ಸರ್ಕಾರ ಮಾತ್ರವಲ್ಲ; ರಾಜ್ಯ ಸರ್ಕಾರ, ಸ್ಥಳೀಯ ಸಂಸ್ಥೆ, ನಗರಸಭೆ ಎಲ್ಲವೂ ಆ ವ್ಯಾಖ್ಯೆಯೊಳಗೆ ಬರುತ್ತವೆ. ಆದ್ದರಿಂದ ಕರ್ನಾಟಕದ ರಾಜ್ಯಮಟ್ಟದ ಸರ್ಕಾರಿ ಸಂಸ್ಥೆಯೊಂದು ಕೊಟ್ಟದ್ದೂ ವಿದೇಶಿ ಸರ್ಕಾರದ ಉಡುಗೊರೆಯೇ.

ವೇದಿಕೆಯ ಮೇಲೆ ಸಂದದ್ದು

ತಾಂತ್ರಿಕ ಸಭೆಗಳು ಮುಗಿದ ಸಂಜೆ ಆತಿಥೇಯ ಸಂಸ್ಥೆ ಸನ್ಮಾನ ಏರ್ಪಡಿಸಿತ್ತು. ಅಧಿಕಾರಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಏಲಕ್ಕಿ ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟರು. ಆಮೇಲೆ ದಸರಾ ಜಂಬೂಸವಾರಿಯ ದೃಶ್ಯವಿದ್ದ ಬೀಟೆಮರದ ಇನ್‌ಲೇ (ಮರದಲ್ಲಿ ಬೇರೆ ಬಣ್ಣದ ತುಣುಕುಗಳನ್ನು ಕೂರಿಸಿ ಚಿತ್ರ ಮೂಡಿಸಿದ) ಫಲಕವನ್ನೂ ಮುಚ್ಚಳದ ಮೇಲೆ ಬಳ್ಳಿ ಮತ್ತು ಹಂಸಗಳ ಕೆತ್ತನೆಯಿದ್ದ ಶ್ರೀಗಂಧದ ಸಣ್ಣ ಪೆಟ್ಟಿಗೆಯನ್ನೂ ಅರ್ಪಿಸಿದರು. ಪತ್ನಿಗೆ ಅರಿಸಿನ ಕುಂಕುಮ ಕೊಟ್ಟು, ಬಳೆಗಳೊಡನೆ ಮೈಸೂರು ರೇಷ್ಮೆ ಸೀರೆಯನ್ನು ಮಡಿಲಿಗಿಟ್ಟರು. ಹಾರವನ್ನೂ ಹಣ್ಣನ್ನೂ ದಂಪತಿ ಅಲ್ಲಿಯ ಸಿಬ್ಬಂದಿಗೇ ಹಂಚಿದರು. ಉಳಿದದ್ದು ಅವರೊಡನೆ ವಾಷಿಂಗ್ಟನ್‌ಗೆ ಬಂದಿತು.

ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಕೊಟ್ಟವರು ನಾಡಿನ ಅತ್ಯುತ್ತಮ ಕೈಕೆಲಸವನ್ನು ಕೊಟ್ಟಿದ್ದರು. ಪಡೆದವರು ಮರಳಿದ ವಾರದಲ್ಲೇ ಎಲ್ಲವನ್ನೂ ಇಲಾಖೆಗೆ ತಂದು ತೋರಿಸಿ ಅರ್ಜಿ ತುಂಬಿದ್ದರು. ತೊಡಕು ಆರಂಭವಾದದ್ದು ಆ ಅರ್ಜಿಯಲ್ಲಿ.

ಮೊದಲ ಪಟ್ಟಿ

ಇಲಾಖೆಯ ನಮೂನೆಯಲ್ಲಿ ವಸ್ತುವಿನ ವಿವರಣೆಗೆ ಒಂದೇ ಸಾಲಿನ ಜಾಗವಿತ್ತು. ಅಲ್ಲಿ ತುಂಬಲಾಗಿದ್ದ ವಿವರಣೆಗಳು ಇವು: ‘ಮರದ ಅಲಂಕಾರ ಫಲಕ, ಒಂದು’, ‘ಮರದ ಪೆಟ್ಟಿಗೆ, ಸಣ್ಣದು’, ‘ಸಾಂಪ್ರದಾಯಿಕ ಟೋಪಿ ಮತ್ತು ಹೊದಿಕೆ’, ‘ಬಟ್ಟೆ, ಸುಮಾರು ಐದು ಗಜ’. ಪಟ್ಟಿ ಮಾಡಿದ ಕಿರಿಯ ಸಿಬ್ಬಂದಿ ಶ್ರದ್ಧೆಯಿಂದಲೇ ಕೆಲಸ ಮಾಡಿದ್ದರು. ಫಲಕಕ್ಕೂ ಪೆಟ್ಟಿಗೆಗೂ ಭಾರತದ ಕರಕುಶಲ ಮಳಿಗೆಗಳ ಜಾಲತಾಣದಲ್ಲಿ ಹೋಲುವ ವಸ್ತುಗಳನ್ನು ಹುಡುಕಿ, ರೂಪಾಯಿ ಬೆಲೆಯನ್ನು ಡಾಲರ್‌ಗೆ ಪರಿವರ್ತಿಸಿದ್ದರು. ಸೀರೆಗೆ ಅಮೆರಿಕದ ಆನ್‌ಲೈನ್ ಮಾರುಕಟ್ಟೆಯಲ್ಲಿ ಕಂಡ, ಬಣ್ಣ ಮಾತ್ರ ಹೋಲುತ್ತಿದ್ದ ಅಗ್ಗದ ಸೀರೆಗಳ ಬೆಲೆ ಹಿಡಿದಿದ್ದರು. ಫಲಕ 180, ಪೆಟ್ಟಿಗೆ 50, ಪೇಟ ಮತ್ತು ಶಾಲು 25, ಸೀರೆ 75. ಒಟ್ಟು 330 ಡಾಲರ್. ಎಲ್ಲವೂ ಮಿತಿಯೊಳಗೇ ಇದೆಯೆಂದು ಟಿಪ್ಪಣಿ ಬರೆದು, ವಸ್ತುಗಳನ್ನು ಮನೆಗೆ ಒಯ್ಯಲು ಅಧಿಕಾರಿಗೆ ಅನುಮತಿ ಕೊಡಲಾಯಿತು.

ಇಲಾಖೆಯ ನೈತಿಕತಾ ವಿಭಾಗದ ವಕೀಲೆ ವಾಡಿಕೆಯ ಪರಿಶೀಲನೆಗಾಗಿ ಕಡತ ತೆರೆದಾಗ ಕೇಳಿದ್ದು ಒಂದೇ ಪ್ರಶ್ನೆ: ಈ ಮೊತ್ತಗಳಲ್ಲಿ ಅಮೆರಿಕದ ಅಂಗಡಿಯ ಬೆಲೆ ಯಾವುದು? ಕಡತದಲ್ಲಿ ಉತ್ತರವಿರಲಿಲ್ಲ. ರೂಪಾಯಿಯನ್ನು ಡಾಲರ್‌ಗೆ ಪರಿವರ್ತಿಸಿದರೆ ಸಿಗುವುದು ಮೈಸೂರಿನ ಬೆಲೆಯ ಡಾಲರ್ ರೂಪವೇ ಹೊರತು ಅಮೆರಿಕದ ಬೆಲೆಯಲ್ಲ. ಸಾಗಣೆ, ಆಮದುದಾರರ ಲಾಭ, ಅಂಗಡಿಯ ಬಾಡಿಗೆ ಎಲ್ಲ ಸೇರಿದ ಮೇಲೆ ಇಲ್ಲಿಯ ಗಿರಾಕಿ ಕೊಡುವ ಮೊತ್ತವೇ ಬೇರೆ. ಕಾಯಿದೆ ಈ ಎರಡನೆಯ ಮೊತ್ತವನ್ನೇ ಏಕೆ ಕೇಳುತ್ತದೆಂದು ನನ್ನನ್ನು ಹಲವರು ಕೇಳಿದ್ದಾರೆ. ವಸ್ತುವನ್ನು ಇಟ್ಟುಕೊಳ್ಳುವ ಅಧಿಕಾರಿಗೆ ಆಗುವ ಲಾಭವನ್ನು ಅಳೆಯುವುದು ಅದರ ಉದ್ದೇಶ. ಆ ಲಾಭ ಅವರು ವಾಸಿಸುವ ಊರಿನ ಬೆಲೆಯಲ್ಲೇ ಗೊತ್ತಾಗಬೇಕು. ಕುಶಲಕರ್ಮಿಯ ಶ್ರಮಕ್ಕೆ ತಕ್ಕ ಗೌರವ ಈ ಲೆಕ್ಕದಲ್ಲಿ ಸಿಗುವುದಿಲ್ಲವೆಂಬ ಬೇಸರ ನನಗಿದೆ, ಆದರೆ ಕಾನೂನಿನ ತರ್ಕ ಸರಿಯೆಂದೇ ನನ್ನ ಅಭಿಪ್ರಾಯ.

ಈ ಹಂತದಲ್ಲಿ ಇಬ್ಬರು ಸಿಬ್ಬಂದಿ ಸುಲಭದ ದಾರಿಯೊಂದನ್ನು ಸೂಚಿಸಿದರು. ಕೊಟ್ಟ ಸಂಸ್ಥೆಯ ಬಳಿ ಖರೀದಿಯ ಬಿಲ್ ಇದ್ದೇ ಇರುತ್ತದೆ, ಅದನ್ನೇ ತರಿಸಿಕೊಳ್ಳೋಣ ಎಂದು ಮಿಂಚಂಚೆಯ ಕರಡನ್ನೂ ಸಿದ್ಧಪಡಿಸಿದ್ದರು. ಅದನ್ನು ಕಳಿಸದಂತೆ ತಡೆದದ್ದು ಇಡೀ ಪ್ರಕರಣದ ಒಳ್ಳೆಯ ನಿರ್ಧಾರಗಳಲ್ಲಿ ಒಂದು. ಮನೆಗೆ ಕರೆದು ಮರ್ಯಾದೆ ಮಾಡಿದವರನ್ನು ‘ಕೊಟ್ಟ ಸೀರೆ ಎಷ್ಟಾಯಿತು’ ಎಂದು ಕೇಳುವುದು ನಮ್ಮ ಕಡೆ ಅವಮಾನವೇ ಸರಿ. ಮುಜುಗರವಾಗದಿರಲೆಂದು ಉಡುಗೊರೆಯನ್ನು ಸ್ವೀಕರಿಸಲು ಅವಕಾಶ ಕೊಟ್ಟ ಕಾಯಿದೆಯ ಹೆಸರಿನಲ್ಲಿಯೇ ಆ ಮುಜುಗರವನ್ನು ಉಂಟುಮಾಡಿದಂತಾಗುತ್ತಿತ್ತು. ಮೇಲಾಗಿ ಬಿಲ್ ಬಂದಿದ್ದರೂ ಅದು ಭಾರತದ ಬೆಲೆಯನ್ನಷ್ಟೇ ಹೇಳುತ್ತಿತ್ತು.

ಅದೇ ದಿನ ಇನ್ನೊಂದು ನಿರ್ಧಾರವಾಯಿತು. ಬೆಲೆಯ ಪ್ರಶ್ನೆ ಇತ್ಯರ್ಥವಾಗುವವರೆಗೆ ಎಲ್ಲ ವಸ್ತುಗಳನ್ನೂ ಇಲಾಖೆಯ ಕೋಣೆಗೆ ಮರಳಿ ತಂದಿಡಬೇಕೆಂದು ಅಧಿಕಾರಿಗೆ ತಿಳಿಸಲಾಯಿತು. 60 ದಿನಗಳ ಗಡುವು ಮೌಲ್ಯಮಾಪನ ಮುಗಿಯಲೆಂದು ಕಾಯುವುದಿಲ್ಲ; ಅದು ಸ್ವೀಕರಿಸಿದ ದಿನದಿಂದಲೇ ಎಣಿಕೆಯಾಗುತ್ತದೆ. ಅಧಿಕಾರಿ ಮರುದಿನವೇ ತಂದಿಟ್ಟರು. ಒಂದು ವೇಳೆ ತಡಮಾಡಿದ್ದರೆ, ತಿಳಿದೂ ಸರ್ಕಾರದ ಆಸ್ತಿಯನ್ನು ಇಟ್ಟುಕೊಂಡರೆಂಬ ಆರೋಪಕ್ಕೆ ಅವಕಾಶವಿತ್ತು. ಅಂಥ ಪ್ರಕರಣಗಳಲ್ಲಿ ವಸ್ತುವಿನ ಚಿಲ್ಲರೆ ಬೆಲೆಯ ಜೊತೆಗೆ 5,000 ಡಾಲರ್‌ವರೆಗೆ ದಂಡ ಕೋರಿ ಅಟಾರ್ನಿ ಜನರಲ್ ಮೊಕದ್ದಮೆ ಹೂಡಬಹುದೆಂದು ಕಾಯಿದೆ ಹೇಳುತ್ತದೆ.

ಬಿಳಿಯ ತುಣುಕುಗಳ ಪ್ರಶ್ನೆ

ಎರಡನೆಯ ಸುತ್ತಿನ ಹುಡುಕಾಟ ವಿರುದ್ಧ ದಿಕ್ಕಿಗೆ ವಾಲಿತು. ಅಮೆರಿಕದ ಹರಾಜು ಸಂಸ್ಥೆಗಳ ಪಟ್ಟಿಗಳಲ್ಲಿ ಮೈಸೂರಿನ ಹಳೆಯ ಇನ್‌ಲೇ ಪೀಠೋಪಕರಣಗಳು ಸಿಕ್ಕವು; ಅವುಗಳಲ್ಲಿ ಆನೆದಂತದ ಕೆಲಸವಿತ್ತು, ಬೆಲೆಯೂ ಸಾವಿರಾರು ಡಾಲರ್ ಇತ್ತು. ನಮ್ಮ ಫಲಕದಲ್ಲಿಯೂ ಅಂಬಾರಿ, ಆನೆಯ ದಂತ, ಅರಮನೆಯ ಕಮಾನುಗಳು ಬೆಳ್ಳಗೆ ಹೊಳೆಯುತ್ತಿದ್ದವು. ಹೀಗಾಗಿ 2,400 ಡಾಲರ್ ಎಂದು ಬರೆದ ಇನ್ನೊಂದು ಟಿಪ್ಪಣಿ ಹುಟ್ಟಿತು. ಒಂದೇ ಫಲಕಕ್ಕೆ ಒಂದೇ ಕಡತದಲ್ಲಿ 180 ಮತ್ತು 2,400 ಎಂಬ ಎರಡು ಬೆಲೆಗಳು ಬಿದ್ದಿದ್ದವು.

ನಿಜವಾದ ಅಪಾಯ ಮೊತ್ತಕ್ಕಿಂತ ಆ ಬಿಳಿಯ ತುಣುಕುಗಳಲ್ಲಿತ್ತು. ಅವು ಏಷ್ಯಾದ ಆನೆಯ ದಂತವಾಗಿದ್ದರೆ 1973ರ ಅಳಿವಿನಂಚಿನ ಪ್ರಭೇದಗಳ ಕಾಯಿದೆ ಅಡ್ಡ ಬರುತ್ತಿತ್ತು, ಫಲಕವನ್ನು ಮಾರುವ ಮಾತಿರಲಿ, ಇಟ್ಟುಕೊಳ್ಳುವುದೇ ಪ್ರಶ್ನೆಯಾಗುತ್ತಿತ್ತು. ಇಂಥದ್ದಕ್ಕೆ ಈಚಿನ ಉದಾಹರಣೆಯೂ ಇದೆ. 2017ರಲ್ಲಿ ಸೌದಿ ಅರೇಬಿಯಾದಿಂದ ಶ್ವೇತಭವನಕ್ಕೆ ಬಂದ ಉಡುಗೊರೆಗಳಲ್ಲಿ ಹುಲಿ ಮತ್ತು ಚೀತಾದ ತುಪ್ಪಳದಂತೆ ಕಾಣುವ ನಿಲುವಂಗಿಗಳೂ ದಂತದ ಹಿಡಿಯಂತೆ ತೋರುವ ಬಾಕುವೂ ಇದ್ದವು. ಅವು ವರ್ಷಗಟ್ಟಲೆ ಇತ್ಯರ್ಥವಾಗದೆ ಉಳಿದು, ಕೊನೆಗೆ 2021ರಲ್ಲಿ ಮೀನು ಮತ್ತು ವನ್ಯಜೀವಿ ಸೇವೆಯ ವಶಕ್ಕೆ ಹೋದವು. ಪರೀಕ್ಷಿಸಿದಾಗ ತುಪ್ಪಳ ಬಣ್ಣ ಹಾಕಿದ ನಕಲಿ ಎಂದು ತಿಳಿಯಿತು. ವಸ್ತು ಯಾವುದರಿಂದ ಮಾಡಿದ್ದೆಂದು ಮೊದಲೇ ನೋಡಿದ್ದರೆ ಅಷ್ಟು ವರ್ಷಗಳ ಗೊಂದಲ ಇರುತ್ತಿರಲಿಲ್ಲ.

ಆದ್ದರಿಂದ ಬೆಲೆಯ ಚರ್ಚೆಯನ್ನು ಪೂರ್ತಿಯಾಗಿ ನಿಲ್ಲಿಸಿ, ವಸ್ತುವನ್ನು ಪರೀಕ್ಷಿಸುವ ಕೆಲಸ ಮೊದಲು ಮಾಡಬೇಕೆಂದು ನಮ್ಮ ತಂಡ ಸಲಹೆ ನೀಡಿತು. ಈ ಪ್ರಕರಣ ತಿರುವು ಪಡೆದದ್ದು ಇಲ್ಲಿಯೇ. ಪ್ರಾಣಿಜನ್ಯ ವಸ್ತುಗಳ ಪರೀಕ್ಷೆಯಲ್ಲಿ ಅನುಭವವಿದ್ದ ತಜ್ಞೆಯೊಬ್ಬರು ಫಲಕವನ್ನು ಮೇಜಿನ ಮೇಲೆ ಮಲಗಿಸಿ ಭೂತಗನ್ನಡಿಯಿಂದ ನೋಡಿದರು. ಆನೆದಂತವನ್ನು ಅಡ್ಡ ಕೊಯ್ದಾಗ ಒಂದನ್ನೊಂದು ದಾಟುವ ಬಾಗಿದ ಗೆರೆಗಳ ಜಾಲ ಕಾಣುತ್ತದೆ. ಮೂಳೆಯಾದರೆ ರಕ್ತನಾಳ ಹಾದುಹೋದ ಸಣ್ಣ ಕಪ್ಪು ಚುಕ್ಕಿಗಳು ಕಾಣುತ್ತವೆ. ಇಲ್ಲಿ ಎರಡೂ ಇರಲಿಲ್ಲ. ಕೋಣೆಯ ದೀಪ ಆರಿಸಿ ನೇರಳಾತೀತ ಬೆಳಕು ಹಾಯಿಸಿದಾಗ, ದಂತ ಬೀರಬೇಕಾದ ನೀಲಿ ಬಿಳುಪಿನ ಹೊಳಪೂ ಇರಲಿಲ್ಲ. ಬಿಳಿಯ ತುಣುಕುಗಳೆಲ್ಲ ಪ್ಲಾಸ್ಟಿಕ್. ಹಳದಿಯ ಭಾಗ ಹಲಸಿನ ಮರ, ಉಳಿದ ಬಣ್ಣಗಳೂ ಬೇರೆ ಬೇರೆ ಮರಗಳ ಸಹಜ ಬಣ್ಣ. ಆನೆಯ ಕಣ್ಣು, ಜೂಲಿನ ಅಂಚಿನಂಥ ಸೂಕ್ಷ್ಮ ವಿವರಗಳನ್ನು ಮೊನಚಾದ ಉಳಿಯಿಂದ ಗೀರಿ ಕಪ್ಪು ತುಂಬಲಾಗಿತ್ತು.

ನನ್ನ ಪರಿಚಯದ, ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಇದೇ ಕೆಲಸ ಮಾಡುವ ಹಿರಿಯರೊಬ್ಬರಿಗೆ ಪ್ರಕರಣದ ಯಾವ ವಿವರವನ್ನೂ ಹೇಳದೆ, ಇನ್‌ಲೇ ಕೆಲಸದಲ್ಲಿ ಈಗ ಬಿಳುಪಿಗೆ ಏನು ಬಳಸುತ್ತೀರೆಂದು ಫೋನಿನಲ್ಲಿ ಕೇಳಿದೆ. ‘ದಂತದ ಕಾಲ ನಮ್ಮ ಅಪ್ಪಾಜಿಯವರ ಜೊತೆಗೇ ಹೋಯ್ತು ಸಾರ್, ಈಗ ಎಲ್ಲ ಪ್ಲಾಸ್ಟಿಕ್ಕೇ. ಬೀಟೆ ಸಿಗೋದೇ ಕಷ್ಟವಾಗಿದೆ’ ಎಂದರು. ಅವರು ಬೀಟೆಯ ಮಾತೆತ್ತಿದ್ದು ನಮಗೆ ಇನ್ನೊಂದು ವಿಷಯವನ್ನು ನೆನಪಿಸಿತು. ಬೀಟೆಮರವೂ ಅದರ ಕುಲದ ಬಹುತೇಕ ಎಲ್ಲ ಮರಗಳೂ 2017ರಿಂದ ಅಂತರರಾಷ್ಟ್ರೀಯ ವನ್ಯಪ್ರಭೇದ ವ್ಯಾಪಾರ ಒಪ್ಪಂದದ ಎರಡನೆಯ ಅನುಬಂಧದಲ್ಲಿ, ಅಂದರೆ ಗಡಿ ದಾಟಿಸಲು ಪರವಾನಗಿ ಬೇಕಾದವುಗಳ ಪಟ್ಟಿಯಲ್ಲಿ, ಇವೆ. ಆದರೆ 2019ರ ತಿದ್ದುಪಡಿಯಂತೆ, ಒಂದು ಸಾಗಣೆಯಲ್ಲಿ ಮರದ ತೂಕ 10 ಕಿಲೋ ಮೀರದ ಸಿದ್ಧ ವಸ್ತುಗಳಿಗೆ ವಿನಾಯಿತಿಯಿದೆ. ಫಲಕವನ್ನು ತೂಗಿದರೆ 4 ಕಿಲೋಗೂ ಕಡಿಮೆ. ಕಡತಕ್ಕೆ ಆ ತೂಕವೂ ಸೇರಿತು.

ಶ್ರೀಗಂಧದ ಪೆಟ್ಟಿಗೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಸಾಗರ ಸೊರಬದ ಗುಡಿಗಾರರ ಕೈಯ ಶೈಲಿ ಅದರಲ್ಲಿ ಸ್ಪಷ್ಟವಾಗಿತ್ತು, ಒಳಮೈಯಲ್ಲೂ ಪರಿಮಳವಿತ್ತು, ಬೇರೆ ಮರಕ್ಕೆ ಗಂಧದೆಣ್ಣೆ ಸವರಿದ್ದಲ್ಲವೆಂದು ತಜ್ಞೆ ದೃಢಪಡಿಸಿದರು. ‘ಮರದ ಪೆಟ್ಟಿಗೆ’ ಎಂಬ ವಿವರಣೆ ‘ಶ್ರೀಗಂಧದ ಚೇಗಿನಲ್ಲಿ ಕೈಯಿಂದ ಕೆತ್ತಿದ ಪೆಟ್ಟಿಗೆ’ ಎಂದು ತಿದ್ದಲ್ಪಟ್ಟಿತು; ಬೆಲೆ ತಾನಾಗಿಯೇ ಎರಡರಷ್ಟಾಯಿತು.

‘ಬಟ್ಟೆ, ಸುಮಾರು ಐದು ಗಜ’

ಎಲ್ಲರ ಗಮನವೂ ಫಲಕದ ಮೇಲಿದ್ದಾಗ ಸೀರೆಯನ್ನು ಯಾರೂ ಬಿಚ್ಚಿ ನೋಡಿರಲಿಲ್ಲ. 75 ಡಾಲರ್ ಎಂಬ ಮೊತ್ತದ ಬಗ್ಗೆ ಯಾರಿಗೂ ಅನುಮಾನ ಬಂದಿರಲಿಲ್ಲ, ಏಕೆಂದರೆ ‘ಬಟ್ಟೆ’ ಎಂಬ ವಿವರಣೆಗೆ ಆ ಬೆಲೆ ಒಪ್ಪುವಂತೆಯೇ ಇತ್ತು. ಮಡಿಕೆ ಬಿಚ್ಚಿದಾಗ ಒಂದೇ ಬಣ್ಣದ ನುಣುಪಾದ ಒಡಲು, ಹೊಳೆಯುವ ಜರಿಯ ಅಂಚು, ಮೂಲೆಯಲ್ಲಿ ನೂಲಿನಿಂದ ಹೆಣೆದ ಸಂಕೇತ ಸಂಖ್ಯೆ, ಜೊತೆಗೆ ಹೊಲೊಗ್ರಾಂ ಇದ್ದ ಚೀಟಿ ಕಂಡವು. ಕರ್ನಾಟಕ ರೇಷ್ಮೆ ಕೈಗಾರಿಕೆಗಳ ನಿಗಮ ತನ್ನ ಸೀರೆಗಳನ್ನು ನಕಲಿಯಿಂದ ಬೇರ್ಪಡಿಸಲು ಹಾಕುವ ಗುರುತುಗಳಿವು. ಮೈಸೂರು ರೇಷ್ಮೆಗೆ ಭೌಗೋಳಿಕ ಗುರುತಿನ ನೋಂದಣಿಯೂ ಇದೆ. ಶುದ್ಧ ರೇಷ್ಮೆ, ಬೆಳ್ಳಿ ಮತ್ತು ಚಿನ್ನದ ಅಂಶವಿರುವ ಜರಿ. ಮೊದಲ ಪಟ್ಟಿ ಮಾಡಿದವರು ಆ ಸಂಖ್ಯೆಯನ್ನು ಅಂಗಡಿಯ ದಾಸ್ತಾನಿನ ಗುರುತೆಂದು ತಿಳಿದು ಬಿಟ್ಟಿದ್ದರು.

ಫಲಕ, ಪೇಟಗಳಿಗೆ ಇಲ್ಲದ ಒಂದು ಅನುಕೂಲ ಸೀರೆಗಿತ್ತು. ಅದಕ್ಕೆ ಅಮೆರಿಕದಲ್ಲಿ ನಿಜವಾದ ಚಿಲ್ಲರೆ ಮಾರುಕಟ್ಟೆಯಿದೆ. ನ್ಯೂಜೆರ್ಸಿಯ ಎಡಿಸನ್ನಿನ ಓಕ್ ಟ್ರೀ ರಸ್ತೆ, ಷಿಕಾಗೋದ ಡೆವಾನ್ ಅವೆನ್ಯೂ, ಕ್ಯಾಲಿಫೋರ್ನಿಯಾದ ಕೊಲ್ಲಿ ಪ್ರದೇಶದ ಅಂಗಡಿಗಳಲ್ಲಿ ಕನ್ನಡ, ತಮಿಳು, ತೆಲುಗು ಕುಟುಂಬಗಳು ಮದುವೆ ಮುಂಜಿಗಳಿಗೆ ರೇಷ್ಮೆ ಸೀರೆ ಕೊಳ್ಳುತ್ತವೆ. ಅಂಥ ಮೂರು ಅಂಗಡಿಗಳಿಂದ ಅದೇ ಬಗೆಯ, ಅದೇ ಅಗಲದ ಜರಿ ಅಂಚಿನ ಶುದ್ಧ ಮೈಸೂರು ರೇಷ್ಮೆಗೆ ಲಿಖಿತ ದರ ತರಿಸಲಾಯಿತು. ಮೂರೂ ಒಂದಕ್ಕೊಂದು ಹತ್ತಿರವಿದ್ದವು. ಅಂದಾಜುಗಾರರು ನಿಗದಿಪಡಿಸಿದ ಬೆಲೆ 540 ಡಾಲರ್. ಅತ್ಯಂತ ಹಗುರವೆಂದು ಬಗೆದ ವಸ್ತುವೇ, ಒಂಟಿಯಾಗಿಯೇ, ಗೆರೆ ದಾಟಿತು.

ಅಧಿಕಾರಿಯ ಪತ್ನಿ ಸರ್ಕಾರಿ ನೌಕರರಲ್ಲ. ಆದರೆ ಕಾಯಿದೆಯಲ್ಲಿ ‘ನೌಕರ’ ಎಂಬ ವ್ಯಾಖ್ಯೆಯೊಳಗೆ ಸಂಗಾತಿಯೂ ಅವಲಂಬಿತರೂ ಸೇರಿದ್ದಾರೆ. ಆದ್ದರಿಂದ ಸೀರೆ ಅವರ ಹೆಸರಿನಲ್ಲಿಯೇ ಪ್ರತ್ಯೇಕವಾಗಿ ದಾಖಲಾಗಿ, ಪ್ರತ್ಯೇಕವಾಗಿಯೇ ಸರ್ಕಾರದ ಆಸ್ತಿಯಾಯಿತು.

490

ಫಲಕಕ್ಕೆ ಕೊನೆಗೆ ಬಂದ ಬೆಲೆ 340 ಡಾಲರ್. ಅಮೆರಿಕದಲ್ಲಿ ಇದೇ ವಸ್ತುವನ್ನು ಮಾರುವ ಅಂಗಡಿ ಸಿಗದ ಕಾರಣ, ಏಷ್ಯಾದ ಕರಕುಶಲ ವಸ್ತುಗಳ ಪ್ರಮಾಣಿತ ಅಂದಾಜುಗಾರರು ಗಾತ್ರ, ಮರ, ಕೆಲಸದ ಸಾಂದ್ರತೆ ಇವುಗಳಲ್ಲಿ ಹೋಲುವ, ಈ ಕಾಲದ ಇನ್‌ಲೇ ವಸ್ತುಗಳ ಮಾರಾಟವನ್ನು ಆಧಾರವಾಗಿಟ್ಟುಕೊಂಡರು. ಮಾರುವವರು ಕೇಳುವ ಬೆಲೆಯನ್ನು ಬಿಟ್ಟು, ನಿಜವಾಗಿ ಮಾರಾಟವಾದ ಬೆಲೆಯನ್ನು ಹಿಡಿದರು. ತಮ್ಮ ಅಂದಾಜು 300ರಿಂದ 380ರವರೆಗೆ ಹೋಗಬಹುದೆಂದು ವರದಿಯಲ್ಲಿಯೇ ಬರೆದರು. ಪೆಟ್ಟಿಗೆ 105, ಶಾಲು 30, ಪೇಟ 15. ಒಬ್ಬರೇ ದಾನಿ ಒಂದೇ ಸಂದರ್ಭದಲ್ಲಿ ಕೊಟ್ಟದ್ದನ್ನು ಕೂಡಿಸಿಯೇ ಲೆಕ್ಕ ಹಾಕಬೇಕೆಂಬುದು ಇಲಾಖೆಯ ನಿಯಮ. ಕೂಡಿದಾಗ 490 ಡಾಲರ್.

ಮಿತಿಗಿಂತ ಹತ್ತು ಡಾಲರ್ ಹೆಚ್ಚು. ಅಂದಾಜಿನ ಅನಿಶ್ಚಿತತೆಯೇ ಎಂಬತ್ತು ಡಾಲರ್ ಇರುವಾಗ ಹತ್ತು ಡಾಲರ್‌ಗೆ ಏನರ್ಥ ಎಂದು ಅಧಿಕಾರಿ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ ಆಗಿತ್ತು. ಪೇಟ ಮತ್ತು ಶಾಲು ಮರ್ಯಾದೆಯ ಸಂಕೇತಗಳು, ಅವುಗಳನ್ನು ಬಿಟ್ಟರೆ 445 ಆಗುತ್ತದೆ ಎಂದು ಕಚೇರಿಯಲ್ಲಿ ಕೆಲವರು ವಾದಿಸಿದರು. ಒಮ್ಮೆ ತೊಟ್ಟ ಪೇಟವನ್ನು ಬಳಸಿದ ವಸ್ತುವೆಂದು ಪರಿಗಣಿಸಬಹುದೆಂಬ ಮಾತೂ ಬಂದಿತು. ವಕೀಲೆ ಇದ್ಯಾವುದನ್ನೂ ಒಪ್ಪಲಿಲ್ಲ. ಮರ್ಯಾದೆಗೆಂದು ಕೊಟ್ಟ ವಸ್ತುವಿಗೆ ಕಾಯಿದೆ ವಿನಾಯಿತಿ ಕೊಟ್ಟಿಲ್ಲ. ಅದು ಕೇಳುವುದು ಸ್ವೀಕರಿಸಿದ ಸಮಯದ ಬೆಲೆಯನ್ನು, ತೊಟ್ಟ ಮೇಲಿನ ಬೆಲೆಯನ್ನಲ್ಲ. ಮೊತ್ತ ಗೊತ್ತಾದ ಮೇಲೆ ಅದನ್ನು ಇಳಿಸಲು ಕಾರಣ ಹುಡುಕುವುದಕ್ಕೆ ಮೌಲ್ಯಮಾಪನವೆಂಬ ಹೆಸರು ಸಲ್ಲುವುದಿಲ್ಲವೆಂದು ಅವರು ಟಿಪ್ಪಣಿಯಲ್ಲಿ ಬರೆದರು. ಅವರ ನಿಲುವಿಗೆ ಬಲ ಕೊಟ್ಟದ್ದು ಮೊದಲೇ ತೆಗೆದುಕೊಂಡಿದ್ದ ಒಂದು ಮುನ್ನೆಚ್ಚರಿಕೆ. ಫಲಕ ನೋಡಿದ ಅಂದಾಜುಗಾರರಿಗೆ ಉಳಿದ ವಸ್ತುಗಳ ಬೆಲೆಯನ್ನಾಗಲಿ, ಒಟ್ಟು ಮೊತ್ತ ಗೆರೆಗೆ ಎಷ್ಟು ಹತ್ತಿರವಿದೆಯೆಂಬುದನ್ನಾಗಲಿ ತಿಳಿಸಿರಲಿಲ್ಲ. ಹಾಗಾಗಿ 340 ಎಂಬುದು ಯಾವ ಫಲಿತಾಂಶದ ಕಡೆಗೂ ವಾಲದೆ ಬಂದ ಸಂಖ್ಯೆಯೆಂದು ಧೈರ್ಯವಾಗಿ ಹೇಳಬಹುದಿತ್ತು.

ಅಧಿಕಾರಿ ತೀರ್ಮಾನವನ್ನು ಒಪ್ಪಿದರು. ಫಲಕ, ಪೆಟ್ಟಿಗೆ, ಪೇಟ, ಶಾಲು ಅಧಿಕೃತ ಬಳಕೆಗೆಂದು ಇಲಾಖೆಯಲ್ಲೇ ಉಳಿದವು. ಫಲಕ ಈಗ ಅತಿಥಿಗಳನ್ನು ಕೂರಿಸುವ ಕೋಣೆಯ ಗೋಡೆಯಲ್ಲಿದೆ. ಸೀರೆಗೆ ಕಚೇರಿಯಲ್ಲಿ ಬಳಕೆ ಇರಲಿಲ್ಲ, ಅದನ್ನು ಸಾಮಾನ್ಯ ಸೇವೆಗಳ ಆಡಳಿತ ಸಂಸ್ಥೆಗೆ ವರದಿ ಮಾಡಲಾಯಿತು. ಇಂಥ ವಸ್ತುವನ್ನು ಪಡೆದವರೇ ಅಂದಾಜಿನ ಬೆಲೆ ತೆತ್ತು ಕೊಳ್ಳಲು ಅವಕಾಶವಿದೆ. ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಹಿಲರಿ ಕ್ಲಿಂಟನ್ ಅವರು ಮ್ಯಾನ್ಮಾರಿನ ನಾಯಕಿ ಆಂಗ್ ಸಾನ್ ಸೂ ಕಿ ಕೊಟ್ಟಿದ್ದ ಕಪ್ಪು ಮುತ್ತಿನ ಹಾರವನ್ನು 970 ಡಾಲರ್ ಕೊಟ್ಟು ಕೊಂಡದ್ದು ಹೀಗೆಯೇ. ಮಾರಾಟದಿಂದ ವಿದೇಶಿ ಸಂಬಂಧಕ್ಕೆ ಧಕ್ಕೆಯಿಲ್ಲವೆಂದು ವಿದೇಶಾಂಗ ಇಲಾಖೆ ಒಪ್ಪಿಗೆ ಕೊಟ್ಟ ಮೇಲೆ, ಅಧಿಕಾರಿಯ ಪತ್ನಿ 540 ಡಾಲರ್ ಪಾವತಿಸಿ ಸೀರೆಯನ್ನು ತಮ್ಮದಾಗಿಸಿಕೊಂಡರು.

ಈ ಪ್ರಕರಣದಿಂದ ಬದಲಾದದ್ದು

ಬೆಲೆ ತಪ್ಪಿದ್ದು ಲೆಕ್ಕದಲ್ಲಲ್ಲ, ವಿವರಣೆಯಲ್ಲಿ ಎಂಬುದು ನನ್ನ ಖಚಿತ ನಿಲುವು. ‘ಬಟ್ಟೆ’ ಎಂದು ಬರೆದ ಮೇಲೆ ಎಷ್ಟೇ ಶ್ರದ್ಧೆಯಿಂದ ಹುಡುಕಿದರೂ ಸಿಗುವುದು ಬಟ್ಟೆಯ ಬೆಲೆಯೇ. ‘ದಂತದ ಕೆಲಸ’ ಎಂದು ಊಹಿಸಿದರೆ ದಂತದ ಬೆಲೆ. ಈ ಮಾತು ಸಣ್ಣ ಉಡುಗೊರೆಗಳಿಗಷ್ಟೇ ಅನ್ವಯಿಸುವುದಲ್ಲ. 2023ರ ಜೂನ್‌ನಲ್ಲಿ ಭಾರತದ ಪ್ರಧಾನಿ ಅಮೆರಿಕದ ಅಧ್ಯಕ್ಷರ ಪತ್ನಿಗೆ ಕೊಟ್ಟ 7.5 ಕ್ಯಾರೆಟ್ ವಜ್ರಕ್ಕೆ ಅಮೆರಿಕ ಪ್ರಕಟಿಸಿದ ಪಟ್ಟಿಯಲ್ಲಿ 20,000 ಡಾಲರ್ ಬೆಲೆ ನಮೂದಾಗಿದೆ. ಅದು ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವೆಂದು ಭಾರತ ಆಗಲೇ ತಿಳಿಸಿತ್ತು. ಗಣಿಯಿಂದ ತೆಗೆದ ಅಷ್ಟೇ ತೂಕದ ವಜ್ರದ ಬೆಲೆ ಇದಕ್ಕಿಂತ ಎಷ್ಟೋ ಮೇಲಿರುತ್ತಿತ್ತು. ಅದೇ ಭೇಟಿಯಲ್ಲಿ ಅಧ್ಯಕ್ಷರಿಗೆ ಸಂದ ಶ್ರೀಗಂಧದ ಪೆಟ್ಟಿಗೆಯ ಮರ ಮೈಸೂರಿನದು, ಕೆತ್ತನೆ ಜೈಪುರದ್ದು. ‘ಮರದ ಪೆಟ್ಟಿಗೆ’ ಎಂಬ ಎರಡು ಪದಗಳಲ್ಲಿ ಇದಾವುದೂ ಹಿಡಿಯುವುದಿಲ್ಲ.

ಇಲಾಖೆ ತನ್ನ ನಮೂನೆಯನ್ನು ಬದಲಿಸಿತು. ವಸ್ತು ಯಾವುದರಿಂದ ಮಾಡಿದ್ದು, ಅದನ್ನು ಯಾರು ಹೇಗೆ ಪರೀಕ್ಷಿಸಿದರು, ಗಾತ್ರ, ತೂಕ, ಗುರುತುಗಳು ಎಂಬ ಅಂಕಣಗಳು ತುಂಬದ ಹೊರತು ಬೆಲೆಯ ಅಂಕಣ ತುಂಬುವಂತಿಲ್ಲ. ಬೆಲೆಯ ಪಕ್ಕದಲ್ಲಿ ಅದು ಯಾವ ಮಾರುಕಟ್ಟೆಯದೆಂದು ಬರೆಯಬೇಕು. ಮೌಲ್ಯಮಾಪನ ಮುಗಿಯುವವರೆಗೆ ವಸ್ತು ಇಲಾಖೆಯ ಕೋಣೆಯಲ್ಲಿಯೇ ಇರಬೇಕು, ಬೆಲೆ ಎಷ್ಟೇ ಕಡಿಮೆಯೆಂದು ತೋರಿದರೂ ಸರಿ. ಅಗತ್ಯ ಬಿದ್ದಾಗ ಅಂದಾಜು ಮಾಡಿಸುವ ವಿಧಾನವನ್ನು ಪ್ರತಿ ಇಲಾಖೆಯೂ ರೂಪಿಸಿಕೊಳ್ಳಬೇಕೆಂದು ಕಾಯಿದೆಯೇ ಹೇಳುತ್ತದೆ. ಇಲ್ಲಿ ಅದು ಇಷ್ಟು ಕಾಲ ಕಾಗದದ ಮೇಲಷ್ಟೇ ಇತ್ತು.

ಭಾರತದಲ್ಲಿಯೂ ವಿದೇಶದಿಂದ ಬಂದ ಉಡುಗೊರೆಗಳು ವಿದೇಶಾಂಗ ಸಚಿವಾಲಯದ ತೋಷಾಖಾನೆಗೆ (ಉಡುಗೊರೆಗಳ ಭಂಡಾರಕ್ಕೆ) ಹೋಗುತ್ತವೆ, ಅವುಗಳ ಪಟ್ಟಿ ಅಂದಾಜು ಬೆಲೆಯೊಡನೆ ಪ್ರಕಟವಾಗುತ್ತದೆ. ಅಲ್ಲಿ ಕೆಲಸ ಮಾಡುವವರ ಮುಂದೆಯೂ ಭಾರತದಲ್ಲಿ ಅಂಗಡಿಯೇ ಇಲ್ಲದ ದೂರದ ನಾಡಿನ ಕೈಕೆಲಸಗಳು ಬಂದು ಕೂರುತ್ತವೆ. ಅವರಿಗೆ ಈ ಪ್ರಕರಣದ ವಿವರಗಳು ಉಪಯೋಗಕ್ಕೆ ಬರಬಹುದೆಂಬ ಆಸೆಯೂ ಈ ಬರಹಕ್ಕೆ ಒಂದು ಕಾರಣ.

ಒಂದು ತೊಡಕು ಮಾತ್ರ ಹಾಗೆಯೇ ಉಳಿದಿದೆ. ಮೈಸೂರು ಪೇಟಕ್ಕೆ ಅಮೆರಿಕದಲ್ಲಿ ಚಿಲ್ಲರೆ ಮಾರುಕಟ್ಟೆಯೆಂಬುದಿಲ್ಲ. ನಾವು ಬರೆದ 15 ಡಾಲರ್, ಬಟ್ಟೆ ಮತ್ತು ಜರಿಯ ಬೆಲೆಗೆ ಹೊಲಿಗೆಯ ಕೂಲಿ ಸೇರಿಸಿ ಕಟ್ಟಿದ ಅಂದಾಜು. ಅದರ ಲೆಕ್ಕವನ್ನು ಕಡತದಲ್ಲಿ ಬಿಡಿಸಿ ಬರೆದಿಟ್ಟಿದ್ದೇವೆ. ಪ್ರತಿ ಜನವರಿ 31ರೊಳಗೆ ಹಿಂದಿನ ವರ್ಷದ ಉಡುಗೊರೆಗಳ ಪಟ್ಟಿಯನ್ನು ವಿದೇಶಾಂಗ ಇಲಾಖೆಗೆ ಕಳಿಸಬೇಕು, ಅದು ಸರ್ಕಾರಿ ಗೆಜೆಟ್‌ನಲ್ಲಿ ಪ್ರಕಟವಾಗುತ್ತದೆ. ಆ ವರ್ಷದ ಪಟ್ಟಿಯಲ್ಲಿ ಪೇಟ, ಶಾಲು, ಫಲಕ, ಪೆಟ್ಟಿಗೆ ಒಂದೇ ನಮೂದಿನಡಿ ಹೋದವು. ಸೀರೆ ತನ್ನದೇ ನಮೂದಿನಲ್ಲಿ, ಜರಿಯ ವಿವರ ಮತ್ತು ಸಂಕೇತ ಸಂಖ್ಯೆಯ ಉಲ್ಲೇಖದೊಡನೆ ಹೋಯಿತು.